ಹಿತ್ತಲ ಪಡಸಾಲೆ ಗಾಜಿನ ಕೋಣೆಯಾಯಿತು

ಧಾರವಾಡದ ಮಾಳಮಡ್ಡಿಯ ನಮ್ಮ ಹಂಚಿನ ಮನೆಗೆ ಹಿತ್ತಲ ಕಡೆ ಉದ್ದನೆಯ ಪಡಸಾಲೆ ಇತ್ತು. ಪೂರ್ವಕ್ಕೂ ದಕ್ಷಿಣಕ್ಕೂ ತೆರೆದೇ ಇತ್ತು. ಅದಕ್ಕೆ ಗಾಜು ಹಾಕಿಸಿ, ಗಿಡ ಇಟ್ಟು, ಕೂತು ಓದುವಂಥ ಕೋಣೆ ಮಾಡಿಕೊಂಡೆವು. ಬಂದವರು ಕುರ್ಚಿ ಎಲ್ಲಿ ತಂದಿರಿ, ಪರದೆ ಎಲ್ಲಿ ಮಾಡಿಸಿದಿರಿ ಅಂತ ಕೇಳುತ್ತಾರೆ. ನಾನು ಮೊದಲು ಬಿಸಿಲಿನ ಮಾತು ತೆಗೆಯುತ್ತೇನೆ. ಇಂಥ ಕೋಣೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು, ಎಷ್ಟು ವರ್ಷ ಬಾಳಬೇಕು ಅನ್ನುವುದೆಲ್ಲ ಬಿಸಿಲಿನ ಕೈಯಲ್ಲೇ ಇದೆ.

ನಮ್ಮೂರು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದ ತನಕ ನಡುಹಗಲಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ಇಳಿಯುತ್ತಾನೆ. ಹಾಗಾಗಿ ದಕ್ಷಿಣದ ಗಾಜಿನಿಂದ ಬಿರುಬೇಸಿಗೆಯ ಮಧ್ಯಾಹ್ನ ನೇರ ಬಿಸಿಲು ಬರುವುದೇ ಇಲ್ಲ, ಚಳಿಗಾಲದಲ್ಲಿ ಕೋಣೆಯ ಒಳತನಕ ಬರುತ್ತದೆ. ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ಕಾಡುವುದು ಪಶ್ಚಿಮದ ಗಾಜು ಮತ್ತು ಗಾಜಿನ ಮಾಡು. ಅದಕ್ಕೇ ಪಶ್ಚಿಮದ ಕಲ್ಲುಗೋಡೆಯನ್ನು ಮುಟ್ಟಲಿಲ್ಲ. ಮಳೆಯ ಇರಚಲು ಹೊಡೆಯುವುದೂ ಜಾಸ್ತಿ ಆ ಕಡೆಯಿಂದಲೇ. ಮೇಲೆ ಹಳೆಯ ಮಂಗಳೂರು ಹಂಚು ಉಳಿಸಿಕೊಂಡು ನಡುನಡುವೆ ಗಾಜಿನ ಹಂಚು ಕೂರಿಸಿದೆವು. ಅಡುಗೆಮನೆಗೆ ಬೆಳಕು ಬರಲಿ ಅಂತ ಹಿರಿಯರು ಮಾಡುತ್ತಿದ್ದುದೂ ಇದನ್ನೇ ಅಲ್ವಾ.

ಬದಿಗಳಿಗೆ ಟಫನ್ಡ್ ಗಾಜು. ಒಮ್ಮೆ ಕಾಯಿಸಿ ಗಟ್ಟಿ ಮಾಡಿದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಹಿಡಿಕೆ, ಚಿಲಕ ಎಲ್ಲಿ ಅಂತ ಮೊದಲೇ ಅಳತೆ ಕೊಟ್ಟಿರಬೇಕು. ಗಾಳಿಗೆ ಕೆಳಗೆ ತೆರೆಯುವ ಕಿಟಕಿ, ಎದುರು ಬದಿಯಲ್ಲಿ ಮಾಡಿನ ಹತ್ತಿರ ಜಾಲರಿ ಹಾಕಿದ ಕಿಂಡಿ. ಬಿಸಿಗಾಳಿ ಮೇಲೇರಿ ಕಿಂಡಿಯಿಂದ ಹೊರಗೆ ಹೋದರೆ ಕೆಳಗಿನಿಂದ ತಣ್ಣನೆಯ ಗಾಳಿ ತಾನೇ ಒಳಗೆ ಬರುತ್ತದೆ. ಏಪ್ರಿಲ್‌ನಲ್ಲಿ ಫ್ಯಾನಿಗಿಂತ ಇದರ ಉಪಕಾರವೇ ದೊಡ್ಡದು.

ಪರದೆಯ ವಿಷಯದಲ್ಲಿ ನಾನು ಹಟ ಹಿಡಿದೆ. ಬಿದಿರಿನ ಪರದೆ ಗಾಜಿನ ಹೊರಗೇ ಬೇಕು. ಬಿಸಿಲು ಗಾಜು ದಾಟಿ ಬಂದ ಮೇಲೆ ಒಳಗಿನ ಪರದೆ ಅದನ್ನು ತಡೆದರೂ ಕಾವು ಕೋಣೆಯಲ್ಲೇ ಉಳಿಯುತ್ತದೆ. ಹೊರಗಿದ್ದರೆ ಕಾವು ಗಾಜಿಗೆ ತಾಗುವ ಮೊದಲೇ ಅರ್ಧಕ್ಕರ್ಧ ಕಮ್ಮಿ. ಪೂರ್ವದ ಕಡೆ ಹಗ್ಗ ಎಳೆದು ಸುತ್ತುವಂಥ ಪರದೆ ಕಟ್ಟಿಸಿದೆವು. ಬೆಳಗಿನ ಚಹಾ ಮುಗಿಯುವ ತನಕ ಮೇಲೆ, ಆಮೇಲೆ ಕೆಳಗೆ. ಜೂನ್ ಬಂತೆಂದರೆ ಬಿಚ್ಚಿ ಅಟ್ಟಕ್ಕೆ ಹಾಕುತ್ತೇವೆ.

ಕೂರಲು ಜೋಕಾಲಿಯೇ ಮೊದಲು. ನಮ್ಮ ಕಡೆ ಜೋಕಾಲಿ ಇಲ್ಲದ ಪಡಸಾಲೆಗೆ ಕಳೆ ಎಲ್ಲಿಂದ ಬರಬೇಕು? ಗಾಜಿನ ಚೌಕಟ್ಟಿನ ಮೇಲೆ ಭಾರ ಹಾಕದೆ, ಹಳೆಯ ಸಾಗವಾನಿ ತೊಲೆಗೆ ಕೊಂಡಿ ಹಾಕಿ ಹಿತ್ತಾಳೆ ಸರಪಳಿಯಲ್ಲಿ ತೂಗುಬಿಟ್ಟೆವು. ತೂಗುವಾಗ ಗಾಜಿಗೆ ತಾಗದ ಹಾಗೆ ಹಿಂದೆ ಮುಂದೆ ಮೂರು ಮೂರು ಅಡಿ ಜಾಗ ಬಿಟ್ಟಿದ್ದೇವೆ. ಪುಸ್ತಕದ ಕಪಾಟಿಗೆ ಪ್ಲೈವುಡ್ ಸಾಕಲ್ಲ ಅಂದಾಗ ಬಡಿಗೇರರು ಒಪ್ಪಲೇ ಇಲ್ಲ. "ಅಕ್ಕಾರ, ಇಲ್ಲಿ ಪ್ಲೈವುಡ್ ಬ್ಯಾಡ್ರಿ. ಬ್ಯಾಸಿಗಿ ಕಾವು, ಮಳಿಗಾಲದ ಥಂಡಿ, ಎರಡೂ ತಡಿಯೂದಿಲ್ಲ. ಹಳೇ ಬಾಗಲಾ ಅದಾವಲ್ಲ, ಅವನ್ನ ಕೊಯ್ದು ಮಾಡ್ತೀನಿ" ಅಂದರು. ಆ ಸಾಗವಾನಿ ಕಪಾಟು ಈಗ ಪಶ್ಚಿಮದ ಗೋಡೆಗೆ ಒರಗಿದೆ. ಬೆತ್ತದ ಕುರ್ಚಿಗಳೂ ಇವೆ. ಬೆತ್ತ ಹಗುರ, ಒಬ್ಬರೇ ಎತ್ತಿ ಬಿಸಿಲಿನಿಂದ ಆಚೆ ಇಡಬಹುದು. ಮಳೆಗಾಲದಲ್ಲಿ ಮಾತ್ರ ಆಗಾಗ ಒಣಬಟ್ಟೆಯಿಂದ ಒರೆಸದಿದ್ದರೆ ಹೆಣಿಗೆಯ ಸಂದಿಯಲ್ಲಿ ಬೂಷ್ಟು ಹಿಡಿಯುತ್ತದೆ.

ನೆಲಕ್ಕೆ ಶಹಾಬಾದ್ ಪರಸಿ. ಗಿಡಕ್ಕೆ ನೀರು ಹಾಕುವ ಜಾಗ, ಅದಕ್ಕೇ ಪಾಲಿಶ್ ಬೇಡವೆಂದು ಒರಟು ಕಲ್ಲನ್ನೇ ಆರಿಸಿದೆವು. ನೀರು ಹರಿಯಲು ಒಂದು ಮೂಲೆಗೆ ಇಳಿಜಾರು ಕೊಟ್ಟಿದೆ. ಇದು ಸುಣ್ಣಕಲ್ಲು. ಆ್ಯಸಿಡ್ ಹಾಕಿ ತೊಳೆದರೆ ಮೇಲ್ಮೈ ತಿಂದುಹೋಗುತ್ತದೆ.

ಆ ಬೂದು ಕಲ್ಲಿನ ಮೇಲೆ ನವಲಗುಂದದ ಜಮಖಾನ ಹಾಸಿದಾಗ ಕೋಣೆಗೆ ನಿಜವಾದ ಚೆಲುವು ಬಂತು. ನವಲಗುಂದದ ಹೆಣ್ಣುಮಕ್ಕಳು ಮನೆಯಲ್ಲೇ ನಿಲುವಿನ ಮಗ್ಗದಲ್ಲಿ ಹತ್ತಿನೂಲಿನಿಂದ ನೇಯುತ್ತಾರೆ. ಈ ಊರಿನದೇ ವಿಶೇಷ ಅನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಅದಕ್ಕಿದೆ. ನಮ್ಮದರಲ್ಲಿ ನಡುವೆ ಪಗಡೆ ಹಾಸು, ಸುತ್ತ ನವಿಲು. ಕೆಂಪು, ಹಳದಿ, ಕಪ್ಪು ಬಣ್ಣಗಳು ಒಂದರ ಪಕ್ಕ ಒಂದು ಕೂತಿವೆ. ಅಂಚಿನ ಮೇಲೆ ಬೆರಳಾಡಿಸಿದರೆ ಹಣಿಗೆಯಿಂದ ಎಷ್ಟು ಬಿಗಿಯಾಗಿ ಬಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಇದಕ್ಕೆ ಜುಂಗು ಇಲ್ಲ, ಎತ್ತಿ ಕೊಡವಿದರೆ ಮಣ್ಣು ಉದುರಿಬಿಡುತ್ತದೆ. ಗಿಡ ಇರುವ ಕೋಣೆಗೆ ಮಷಿನ್ ಕಾರ್ಪೆಟ್ಟಿಗಿಂತ ಇದೇ ಮೇಲು. ಬಿಸಿಲಿಗೆ ಬಣ್ಣ ಮಾಸುವ ಭಯವಂತೂ ಇದ್ದೇ ಇದೆ. ಅದಕ್ಕೆ ಗಾಜಿನ ಹಂಚಿನ ಬಿಸಿಲುಚೌಕ ನೆಲದ ಮೇಲೆ ಸರಿಯುವ ದಾರಿ ನೋಡಿಕೊಂಡು, ಅದನ್ನು ತಪ್ಪಿಸಿ ಹಾಸಿದ್ದೇವೆ.

ಜೋಕಾಲಿಯ ಮೇಲೆ ಅವ್ವ ಹಳೆ ಸೀರೆಗಳನ್ನು ಪದರ ಮಾಡಿ ಹೊಲಿದ ಕೌದಿ. ದಿಂಬಿನ ಚೀಲಗಳಿಗೆ ಖಾದಿ ಬಟ್ಟೆ, ಒಗೆದು ಒಣಗಿಸಲು ಸಲೀಸು. ಒಳಗೆ ಸ್ಪಂಜಿನ ಬದಲು ಹತ್ತಿ ತುಂಬಿಸಿದರೆ ಮಳೆಗಾಲ ಕಳೆದ ಮೇಲೆ ಬಿಚ್ಚಿ ಬಿಸಿಲಿಗೆ ಹಾಕಬಹುದು.

ಗಿಡಗಳಿಗೆ ಮಣ್ಣು ತರುವಾಗ ಹುಷಾರಾಗಿರಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಹುಬ್ಬಳ್ಳಿ, ನವಲಗುಂದದ ಕಡೆ ಎರೆಮಣ್ಣು. ಹೊಲಕ್ಕೆ ಎರೆಮಣ್ಣು ಬಂಗಾರ, ಆದರೆ ಕುಂಡದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ, ಒಣಗಿದರೆ ಬಿರಿಯುತ್ತದೆ. ನಾನು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು ಬೆರೆಸುತ್ತೇನೆ. ಪೂರ್ವದ ಬೆಳಕಿಗೆ ಅರೆಕಾ ಪಾಮ್, ಬ್ರಹ್ಮಕಮಲ. ಕಪಾಟಿನ ಪಕ್ಕದ ನೆರಳಿಗೆ ಜರೀಗಿಡ, ಸ್ನೇಕ್ ಪ್ಲಾಂಟ್. ಎಲೆ ಗಾಜಿಗೆ ತಾಗದ ಹಾಗೆ ಒಂದು ಗೇಣು ಈಚೆ ಇಡಬೇಕು, ಇಲ್ಲದಿದ್ದರೆ ತಾಗಿದ ಜಾಗ ಸುಡುತ್ತದೆ. ಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ದೀಪಕ್ಕೆ ಬಿಳಿ ಎಲ್‌ಇಡಿ ಬೇಡ, ಹಳದಿ ಬೆಳಕಿನದು ಹಾಕಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಏಳುತ್ತವೆ. ಹಳದಿ ಬೆಳಕಿಗೆ ಹುಳ ಬರುವುದು ಕಮ್ಮಿ. ಆ ಸಂಜೆ ಒಂದು ತಾಸು ದೀಪ ಆರಿಸಿಯೇ ಬಿಟ್ಟರೆ ಇನ್ನೂ ಒಳ್ಳೆಯದು.