ಚೀಟಿಯಲ್ಲಿ ಬರೆದುಕೊಟ್ಟೆ

ಸರ್ಟ್ರಾಲಿನ್ ಅನ್ನುವ ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೆ ನನ್ನ ಖಿನ್ನತೆ ಹತೋಟಿಗೆ ಬಂತು. ನಿದ್ದೆ ಬರತೊಡಗಿತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವ ಮನಸ್ಸಾಯಿತು. ಆದರೆ ಗಂಡ ಹತ್ತಿರ ಬಂದರೆ ಏನೂ ಅನ್ನಿಸುತ್ತಿರಲಿಲ್ಲ. ಅವರ ಮೇಲೆ ಪ್ರೀತಿ ಇತ್ತು, ಮೈ ಮಾತ್ರ ಜೋಮು ಹಿಡಿದ ಹಾಗೆ. ಇನ್ನೇನು ಸುಖ ಸಿಕ್ಕಿತು ಅನ್ನುವಷ್ಟರಲ್ಲಿ ಎಲ್ಲ ಅಲ್ಲೇ ನಿಂತುಬಿಡುತ್ತಿತ್ತು.

ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಮೂರನೇ ದಿನಕ್ಕೆ ತಲೆಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸುಮ್ಸುಮ್ನೆ ಅಳು. ಮತ್ತೆ ಮಾತ್ರೆ ಶುರು ಮಾಡಿದೆ. ದಯವಿಟ್ಟು ನೀವು ಹೀಗೆ ಮಾಡಬೇಡಿ.

ಡಾಕ್ಟರ ಎದುರು ಕೂತಾಗ ಬಾಯಿ ಬರಲಿಲ್ಲ. ಚೀಟಿ ಚಾಚಿದೆ. ಮನೆಯಲ್ಲಿ ನಾಲ್ಕು ಸಲ ಬರೆದು ಹರಿದಿದ್ದೆ, ಅದು ಐದನೆಯದು. ಅಂಗೈ ಬೆವರಿಗೆ ಇಂಕು ಹರಡಿತ್ತು. ಅವರು ಓದಿ, ಮಡಚಿ, ನನಗೇ ವಾಪಸ್ ಕೊಟ್ಟರು. "ಹೇಳಿದ್ದು ಒಳ್ಳೇದಾಯ್ತಮ್ಮ. ಈ ಮಾತ್ರೆ ತಗೊಳ್ಳೋ ತುಂಬಾ ಜನಕ್ಕೆ ಹೀಗಾಗುತ್ತೆ" ಅಂದರು. ಈ ಮಾತ್ರೆಯಿಂದ ಮಿದುಳಿನಲ್ಲಿ ಮನಸ್ಸು ಹಗುರ ಮಾಡುವ ಸೆರೊಟೋನಿನ್ ಅನ್ನುವ ರಾಸಾಯನಿಕ ಜಾಸ್ತಿಯಾದಾಗ ಕಾಮದಾಸೆಯೂ ತಗ್ಗುತ್ತದಂತೆ. ಖಿನ್ನತೆಯೇ ಆಸೆ ಕುಗ್ಗಿಸುವುದೂ ಉಂಟು. ಅದಕ್ಕೇ ಯಾವಾಗ ಶುರುವಾಯ್ತು ಅಂತ ಕೆದಕಿ ಕೇಳಿದರು.

ಮೊದಲು ಡೋಸ್ 100 ಮಿಲಿಗ್ರಾಂನಿಂದ 50ಕ್ಕೆ ಇಳಿಸಿದರು. ಮೈ ಸ್ವಲ್ಪ ಚೇತರಿಸಿಕೊಂಡಿತು, ಮನಸ್ಸು ಕುಸಿಯಿತು. ಮತ್ತೆ 100ಕ್ಕೇ ಹೋಗಿ, ಜೊತೆಗೆ ಬುಪ್ರೊಪಿಯಾನ್ ಅನ್ನುವ ಇನ್ನೊಂದು ಖಿನ್ನತೆಯ ಮಾತ್ರೆ ಸೇರಿಸಿದರು. ಅದನ್ನು ಕೊಡುವ ಮುಂಚೆ, ಯಾವತ್ತಾದರೂ ಫಿಟ್ಸ್ ಬಂದಿತ್ತಾ ಅಂತ ಕೇಳಿದರು, ಬಂದಿದ್ದವರಿಗೆ ಅದನ್ನು ಕೊಡುವುದಿಲ್ಲ. ಕೆಲವರಿಗೆ ಮಾತ್ರೆಯನ್ನೇ ಬದಲಿಸಿ ಮಿರ್ಟಜಪೀನ್ ಕೊಡುತ್ತಾರೆ. ನಿಮಿರುವಿಕೆಯ ತೊಂದರೆ ಇರುವ ಗಂಡಸರಿಗೆ ಸಿಲ್ಡೆನಾಫಿಲ್ ಇದೆ, ಆದರೆ ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಅದನ್ನು ಮುಟ್ಟಲೇಬಾರದು.

ಮಾತ್ರೆಗಿಂತ ಕಷ್ಟವಾಗಿದ್ದು ಗಂಡನಿಗೆ ಹೇಳುವುದು. ಅವರಿಗೂ ಆ ಚೀಟಿಯನ್ನೇ ಕೊಟ್ಟೆ. ಓದಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೇ ಬೇಡವಾದೆ ಅಂದ್ಕೊಂಡಿದ್ದೆ ಕಣೇ" ಅಂದರು. ಇಷ್ಟು ತಿಂಗಳು ಒಂದೇ ಹಾಸಿಗೆಯಲ್ಲಿ ಇಬ್ಬರೂ ಬೇರೆಬೇರೆ ಕೊರಗಿದ್ದೆವು ಅಲ್ವಾ, ನನಗೆ ಅಳು ತಡೆಯಲಾಗಲಿಲ್ಲ.

ಆವತ್ತಿನಿಂದ ಕೊನೆ ಮುಟ್ಟಲೇಬೇಕು ಅನ್ನುವ ಹಟ ಬಿಟ್ಟೆವು. ಬೆನ್ನು ನೀವುವುದು, ಅಪ್ಪಿಕೊಂಡು ಮಲಗುವುದು, ಅಷ್ಟರಲ್ಲೇ ಎಷ್ಟೋ ರಾತ್ರಿ ಕಳೆದವು. ರಾತ್ರಿ ಸುಸ್ತಾಗಿರುತ್ತಿದ್ದರಿಂದ ಬೆಳಗಿನ ಹೊತ್ತು ನಮಗೆ ಹೆಚ್ಚು ಹೊಂದಿತು. ಆರು ವಾರದಲ್ಲಿ ಆಸೆ ಮೆಲ್ಲಗೆ ಮರಳಿತು. ಮೊದಲಿನಷ್ಟಲ್ಲ, ಸಮಯವೂ ಜಾಸ್ತಿ ಹಿಡಿಯುತ್ತದೆ. ಈಗ ಇಬ್ಬರಿಗೂ ಅವಸರವಿಲ್ಲ.