ತಿಂಗಳ ಓದಿನ ಪಟ್ಟಿ: ಗೆಳೆಯರ ನಡುವೆ ನಾವು ನಡೆಸುವ ಬಗೆ

ಪುಸ್ತಕ ಶಿಫಾರಸು ಮಾಡುವುದು ಸುಲಭ, ಅದನ್ನು ಇನ್ನೊಬ್ಬರು ಓದುವಂತೆ ಮಾಡುವುದು ಕಷ್ಟ. ಮುಖಪುಟದ ಫೋಟೋ ಹಾಕಿ "ಸೂಪರ್ ಪುಸ್ತಕ, ಮಿಸ್ ಮಾಡ್ಕೋಬೇಡಿ" ಎಂದರೆ ಹೆಬ್ಬೆರಳುಗಳು ಸಾಲುಸಾಲಾಗಿ ಬರುತ್ತವೆ, ಓದುಗ ಒಬ್ಬನೂ ಬರುವುದಿಲ್ಲ. ಕೆಲಸ, ಮನೆ, ಮಕ್ಕಳು, ಓಡಾಟದ ನಡುವೆ ದಿನಕ್ಕೆ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಳ್ಳುವವರಿಗೆ ಈ ಪುಸ್ತಕ ಈ ತಿಂಗಳಲ್ಲಿ ಮುಗಿದೀತೇ, ತಮಗೆ ಒಗ್ಗೀತೇ ಎಂಬುದು ಗೊತ್ತಾಗಬೇಕು. ನಮ್ಮ ಪಟ್ಟಿಯ ಎಲ್ಲ ನಿಯಮಗಳೂ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದವು.

ಗುಂಪಿನಲ್ಲಿ ಐದರಿಂದ ಎಂಟು ಜನ ಇದ್ದರೆ ಹದ. ತಲಾ ಒಂದೇ ಶಿಫಾರಸು. ನಾಲ್ಕಕ್ಕಿಂತ ಕಡಿಮೆಯಾದರೆ, ಇಬ್ಬರಿಗೆ ಪುರುಸೊತ್ತಾಗದ ತಿಂಗಳು ಪಟ್ಟಿಯೇ ಇರುವುದಿಲ್ಲ. ಹತ್ತು ದಾಟಿದರೆ ಅದು ಪ್ರಕಾಶಕರ ಕ್ಯಾಟಲಾಗ್ ಆಗುತ್ತದೆ, ಯಾರೂ ಪೂರ್ತಿ ನೋಡುವುದಿಲ್ಲ. ಎಲ್ಲರೂ ಒಂದೇ ಪುಸ್ತಕ ಓದಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಪಟ್ಟಿಯಿಂದ ಒಂದನ್ನು ಆರಿಸಿಕೊಂಡರೆ ಸಾಕು, ಒಂದನ್ನೂ ಆರಿಸದಿದ್ದರೂ ನಡೆಯುತ್ತದೆ.

ಸಮಯದ ಲೆಕ್ಕ ಮೊದಲು ಮಾಡಿಕೊಳ್ಳಿ. ಮಾಮೂಲಿ ದಿನವೊಂದರಲ್ಲಿ, ಫೋನ್ ದೂರ ಇಟ್ಟು, ಇಪ್ಪತ್ತು ನಿಮಿಷ ಓದಿ ಪುಟ ಎಣಿಸಿ. ರಜೆಯ ದಿನ ಅಳೆದರೆ ವೇಗ ಸುಳ್ಳು ಹೇಳುತ್ತದೆ. ಪುಟಕ್ಕೆ ಒಂದೂವರೆಯಿಂದ ಎರಡು ನಿಮಿಷ ಹಿಡಿದರೆ ದಿನಕ್ಕೆ 10ರಿಂದ 13 ಪುಟ. ತಿಂಗಳಿಗೆ ಮೂವತ್ತು ದಿನ ಎಂದು ಗುಣಿಸಬೇಡಿ, ನೆಂಟರು, ಜ್ವರ, ಪ್ರಯಾಣ ಎಲ್ಲ ಕಳೆದು 22 ದಿನ ಇಟ್ಟುಕೊಳ್ಳಿ. ಆಗ ಕೈಗೆ ಬರುವುದು 220ರಿಂದ 290 ಪುಟ. ಅಂದರೆ 250 ಪುಟದ ಕಾದಂಬರಿ ಒಂದು ತಿಂಗಳ ಪುಸ್ತಕ, 600 ಪುಟದ್ದು ಎರಡು ಮೂರು ತಿಂಗಳದ್ದು. ದಪ್ಪ ಪುಸ್ತಕ ಸೂಚಿಸುವವರು ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಇತಿಹಾಸ, ತತ್ತ್ವ, ವಿಜ್ಞಾನದ ಗಟ್ಟಿ ಬರಹಕ್ಕೆ ವೇಗ ಅರ್ಧಕ್ಕೆ ಇಳಿಯುತ್ತದೆ. ಕವಿತೆಗೆ ಈ ಲೆಕ್ಕವೇ ಬೇಡ. ಕೇಳುಪುಸ್ತಕವಾದರೆ ಪುಟದ ಬದಲು ಗಂಟೆ ಬರೆಯಿರಿ: 10 ಗಂಟೆಯ ಆಡಿಯೋ 1.25 ವೇಗದಲ್ಲಿ 8 ಗಂಟೆ, ದಿನಕ್ಕೆ ಅರ್ಧ ಗಂಟೆಯಂತೆ 16 ದಿನ.

ಇನ್ನು ಪ್ರತಿ ಶಿಫಾರಸಿನ ಜೊತೆ ಬರೆಯುವ ಟಿಪ್ಪಣಿ. ನೂರು ಪದ ದಾಟಬಾರದು, ಫೋನಿನ ಒಂದು ಪರದೆಯಲ್ಲಿ ಮುಗಿಯಬೇಕು.

ಮೊದಲ ಸಾಲಿನಲ್ಲಿ ಪುಸ್ತಕದ ಹೆಸರು, ಲೇಖಕರು, ಅನುವಾದವಾದರೆ ಅನುವಾದಕರು, ಪ್ರಕಾಶಕರು, ಮುದ್ರಣದ ವರ್ಷ, ಪುಟ. ಅನುವಾದಕರ ಹೆಸರು ಬಿಟ್ಟರೆ ಗೆಳೆಯರ ಕೈಗೆ ಬೇರೆ ಅನುವಾದವೋ ಸಂಕ್ಷಿಪ್ತ ಆವೃತ್ತಿಯೋ ಸಿಗುತ್ತದೆ. ಆಮೇಲೆ "ನೀನು ಹೇಳಿದ ಹಾಗೆ ಇಲ್ಲವಲ್ಲ" ಎಂಬ ದೂರು. ಪುಸ್ತಕವನ್ನು ಗುರುತಿಸಲು ಅದರ ಮೇಲೆ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆ ಹಾಕಿದರೆ ಇನ್ನೂ ಒಳ್ಳೆಯದು. 2007ರಿಂದ ಅದು 13 ಅಂಕಿ, ಅದಕ್ಕೂ ಹಿಂದಿನ ಪುಸ್ತಕಗಳ ಮೇಲೆ 10 ಅಂಕಿ, ತೀರಾ ಹಳೆಯವುಗಳ ಮೇಲೆ ಏನೂ ಇರುವುದಿಲ್ಲ. ಒಂದೇ ಕೃತಿಯ ರಟ್ಟಿನ ಪ್ರತಿ, ಸಾದಾ ಪ್ರತಿ, ಇ-ಪುಸ್ತಕ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಹಾಗಾಗಿ ಸಂಖ್ಯೆ ಹಾಕಿ ಹುಡುಕಿದಾಗ ಸಿಗಲಿಲ್ಲವೆಂದರೆ ಪುಸ್ತಕವೇ ಇಲ್ಲ ಎಂದುಕೊಳ್ಳದೆ ಹೆಸರಿನಿಂದಲೂ ಹುಡುಕಬೇಕು.

ಎರಡನೆಯ ಸಾಲು, ಇದು ಯಾರಿಗೆ. ಇಲ್ಲೇ ಶಿಫಾರಸಿನ ಜೀವ ಇರುವುದು. "ಎಲ್ಲರೂ ಓದಬೇಕು" ಎಂಬ ಮಾತಿಗೆ ನಮ್ಮಲ್ಲಿ ನಿಷೇಧ. ಗುಂಪಿನ ಒಬ್ಬರ ಹೆಸರನ್ನಾದರೂ ಹೇಳಬೇಕು, ಇಲ್ಲವೇ "ನಿಧಾನಗತಿಯ ಕತೆ ಸಹಿಸುವವರಿಗೆ", "ಮಲಗುವ ಮುನ್ನ ಒಂದೊಂದು ಅಧ್ಯಾಯ ಓದುವವರಿಗೆ" ಎಂದು ಗುರುತು ಕೊಡಬೇಕು. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ, ನಾಲ್ಕನೆಯದು ಓದುಗನ ಸಮಯ ಉಳಿಸು. ಗ್ರಂಥಪಾಲಕರಿಗಾಗಿ ಬರೆದದ್ದು ನಿಜ, ಆದರೆ ಏಳು ಜನರ ಗುಂಪಿಗೂ ಇದಕ್ಕಿಂತ ಹೆಚ್ಚಿನ ನಿಯಮಾವಳಿ ಬೇಕಿಲ್ಲ.

ಮೂರನೆಯದು, ಎಲ್ಲಿ ಹಿಡಿದುಕೊಳ್ಳುತ್ತದೆ, ಎಲ್ಲಿ ಎಳೆಯುತ್ತದೆ. ಉದಾಹರಣೆಗೆ: "ಮೊದಲ 40 ಪುಟ ಪಾತ್ರಗಳ ಪರಿಚಯ, ವಂಶವೃಕ್ಷ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮೂರನೇ ಅಧ್ಯಾಯದಿಂದ ಓಟ. ಕೋರ್ಟಿನ ಭಾಗ ಉದ್ದವಾಯಿತು, ಹಾರಿಸಿದರೂ ಕತೆ ತಪ್ಪುವುದಿಲ್ಲ." ಇಷ್ಟು ಗೊತ್ತಿದ್ದವರು ಮೂವತ್ತನೇ ಪುಟದಲ್ಲಿ ಕೈಬಿಡುವುದಿಲ್ಲ. ಪುಸ್ತಕದ ಕುಂದು ಹೇಳಿದರೆ ಯಾರೂ ಓದುವುದಿಲ್ಲ ಎಂಬ ಭಯ ಹೊಸಬರಿಗೆ ಇರುತ್ತದೆ. ಆಗುವುದು ತಿರುಗುಮುರುಗು, ಕುಂದನ್ನೂ ಹೇಳಿದವರ ಹೊಗಳಿಕೆಯನ್ನೇ ಗೆಳೆಯರು ನಂಬುವುದು. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಾದಂತೆ ಪುಟಗಳೂ ಸರಿಯುವುದರಿಂದ ಪುಟಸಂಖ್ಯೆಯ ಜೊತೆ ಅಧ್ಯಾಯವನ್ನೂ ಕೊಡಿ. ಕತೆಯ ವಿಷಯದಲ್ಲಿ ಮೊದಲ ಕಾಲುಭಾಗದಾಚೆ ನಡೆಯುವ ಯಾವುದನ್ನೂ ಬಾಯಿಬಿಡುವಂತಿಲ್ಲ.

ಕೊನೆಗೆ ಎಚ್ಚರಿಕೆ ಮತ್ತು ಸಿಗುವ ಜಾಗ. ಮಗುವಿನ ಸಾವು, ಆತ್ಮಹತ್ಯೆ, ದೀರ್ಘ ಕಾಯಿಲೆ, ಹಿಂಸೆ ಇದ್ದರೆ ಒಂದು ಮಾತಿನಲ್ಲಿ ಸೂಚಿಸಿ. ಯಾರ ಮನೆಯಲ್ಲಿ ಏನು ನಡೆಯುತ್ತಿದೆಯೋ ಎಲ್ಲರೂ ಹೇಳಿಕೊಂಡಿರುವುದಿಲ್ಲ. ಗ್ರಂಥಾಲಯದಲ್ಲಿದೆಯೇ, ನನ್ನ ಪ್ರತಿ ಕೊಡಬಲ್ಲೆನೇ, ಅಚ್ಚಿನಲ್ಲೇ ಇಲ್ಲವೇ ಎಂಬುದನ್ನೂ ಬರೆಯಿರಿ. ಎಲ್ಲೂ ಸಿಗದ ಪುಸ್ತಕವನ್ನು ಸೂಚಿಸುವುದು ಆಸೆ ಹುಟ್ಟಿಸಿ ಕೈಬಿಟ್ಟಂತೆ.

ತಿಂಗಳ ಓಟ ಹೀಗೆ. 25ರಿಂದ 28ರೊಳಗೆ ಟಿಪ್ಪಣಿಗಳು ಆ ತಿಂಗಳ ಸಂಗ್ರಾಹಕರಿಗೆ ಹೋಗುತ್ತವೆ, ಗುಂಪಿಗಲ್ಲ. 1ನೇ ತಾರೀಕು ಎಲ್ಲವೂ ಒಂದೇ ಸಂದೇಶವಾಗಿ ಬರುತ್ತವೆ. ಬಿಡಿಬಿಡಿಯಾಗಿ ಬಂದರೆ ಮೊದಲ ಎರಡಕ್ಕೆ ಸಿಗುವ ಗಮನ ಉಳಿದವಕ್ಕೆ ಸಿಗುವುದಿಲ್ಲ. ಸಂಗ್ರಾಹಕರ ಸರದಿ ಪ್ರತಿ ತಿಂಗಳೂ ಬದಲಾಗಬೇಕು, ಒಬ್ಬರ ತಲೆಗೇ ಕಟ್ಟಿದರೆ ಅವರು ಸುಸ್ತಾದ ದಿನ ಪಟ್ಟಿಯೂ ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವನ್ನು 30 ದಿನ ಪಿನ್ ಮಾಡಬಹುದು, ನಮ್ಮ ಕೆಲಸಕ್ಕೆ ಅಷ್ಟು ಸರಿಹೋಗುತ್ತದೆ. ಆದರೆ ತಾನಾಗಿ ಅಳಿಯುವ ಸಂದೇಶಗಳ ಸೌಲಭ್ಯ ಆನ್ ಆಗಿದ್ದರೆ ಹಳೆಯ ಪಟ್ಟಿಗಳೆಲ್ಲ ಮಾಯವಾಗುತ್ತವೆ. ಆದ್ದರಿಂದ ಎಲ್ಲರೂ ತೆರೆಯಬಹುದಾದ ಒಂದು ಶೀಟ್‌ನಲ್ಲಿ ನಕಲು ಇಡಿ. ಕಾಲಂ ಆರು ಸಾಕು: ತಿಂಗಳು, ಪುಸ್ತಕ, ಸೂಚಿಸಿದವರು, ಪುಟ, ಓದಿದವರು, ಎಲ್ಲಿ ನಿಂತರು.

ಆ ಕೊನೆಯ ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ. ತಿಂಗಳ ಕೊನೆಗೆ ಪ್ರತಿಯೊಬ್ಬರೂ ಮೂರರಲ್ಲಿ ಒಂದು ಮಾತು ಹಾಕುತ್ತಾರೆ: ಮುಗಿಸಿದೆ, ಬಿಟ್ಟೆ, ಮುಟ್ಟಲಿಲ್ಲ. ಬಿಟ್ಟವರು ಪುಟಸಂಖ್ಯೆ ಬರೆಯುತ್ತಾರೆ, ಕಾರಣ ಕೇಳುವಂತಿಲ್ಲ. ಮೂವರು ಒಂದೇ ಕಡೆ ಬಿಟ್ಟಿದ್ದರೆ ಅಲ್ಲಿ ಏನೋ ಇದೆ ಎಂದು ಮುಂದಿನವರಿಗೆ ತಿಳಿಯುತ್ತದೆ. ನಕ್ಷತ್ರ ಕೊಡುವ ಪದ್ಧತಿ ಇಡಬೇಡಿ. ಗೆಳೆಯರ ಪುಸ್ತಕಕ್ಕೆ ದಾಕ್ಷಿಣ್ಯದಿಂದ ಎಲ್ಲರೂ ನಾಲ್ಕೇ ಕೊಡುತ್ತಾರೆ.

ಗುಂಪು ಕೆಡುವುದು ಗೊತ್ತಿರುವ ದಾರಿಗಳಲ್ಲೇ. ಶುಭೋದಯದ ಚಿತ್ರಗಳಿಂದ ಕೆಡುತ್ತದೆ, ಹರಟೆಗೆ ಬೇರೆ ಗುಂಪು ಮಾಡಿ. ಪಿಡಿಎಫ್ ಹಂಚಿಕೆಯಿಂದ ಕೆಡುತ್ತದೆ. ಹಕ್ಕುಸ್ವಾಮ್ಯದ ಮಾತು ಹಾಗಿರಲಿ, ಪುಕ್ಕಟೆ ಬಂದ ಇನ್ನೂರು ಫೈಲ್‌ಗಳಲ್ಲಿ ಒಂದನ್ನೂ ಯಾರೂ ಓದುವುದಿಲ್ಲ. ವಾರಕ್ಕೆರಡು ಪುಸ್ತಕ ಮುಗಿಸುವವರೊಬ್ಬರು ತಮ್ಮ ಲೆಕ್ಕ ಸಾರುತ್ತಿದ್ದರೆ ಉಳಿದವರು ಮೆಲ್ಲಗೆ ಜಾರಿಕೊಳ್ಳುತ್ತಾರೆ, ಹಾಗಾಗಿ ಎಷ್ಟು ಓದಿದೆ ಎಂಬ ಎಣಿಕೆ ಗುಂಪಿಗೆ ಬರಕೂಡದು. ತಾನೇ ಓದದ ಪುಸ್ತಕವನ್ನು ವಿಮರ್ಶೆ ನೋಡಿ ಸೂಚಿಸುವುದೂ ಬೇಡ. ಅರ್ಧ ಓದಿದ್ದರೆ ಅರ್ಧ ಎಂದೇ ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ.

ಕೈಬದಲು ಪುಸ್ತಕಗಳಿಗೆ ಒಳರಟ್ಟಿನಲ್ಲಿ ಸಣ್ಣ ಚೀಟಿ ಅಂಟಿಸಿ: ಯಾರದು, ಯಾರಿಗೆ, ಎಂದು ಕೊಟ್ಟದ್ದು, ಎಂದು ಮರಳಬೇಕು. ಆರು ವಾರದ ಗಡುವು ಸರಿ. ಅಡಿಗೆರೆ ಎಳೆಯಬಹುದೇ ಎಂಬುದನ್ನೂ ಅದರಲ್ಲೇ ಬರೆದುಬಿಡಿ. ಮರಳದ ಪುಸ್ತಕ ಕೇಳುವ ಮುಜುಗರ ಮಾಲೀಕರಿಗೆ ಬೇಡ, ಅದು ಆ ತಿಂಗಳ ಸಂಗ್ರಾಹಕರ ಕೆಲಸ.

ಪರೀಕ್ಷೆ, ಮದುವೆ, ವರ್ಷಾಂತ್ಯದ ಕೆಲಸದಿಂದ ಒಂದು ತಿಂಗಳು ಪಟ್ಟಿ ತಪ್ಪಿದರೆ ಮುಂದಿನ ತಿಂಗಳು ಎರಡರಷ್ಟು ಹಾಕಲು ಹೋಗಬೇಡಿ. ಶೀಟ್‌ನಲ್ಲಿ ಆ ಸಾಲು ಖಾಲಿ ಬಿಟ್ಟು, ಹಳೆಯ ಪಟ್ಟಿಯಲ್ಲಿ ಯಾರೂ ಮುಟ್ಟದೆ ಉಳಿದ ಒಂದೆರಡು ಪುಸ್ತಕಗಳನ್ನು ಹೊಸ ಪಟ್ಟಿಯ ಕೆಳಗೆ ಮತ್ತೆ ಸೇರಿಸಿ.