ಬೆರೆಸಿದ ದಿನವೇ ನೆಡಬೇಡಿ: ಕುಂಡದ ಮಣ್ಣನ್ನು ಮಾಗಿಸುವ ಬಗೆ

ಗಿಡ ತಂದ ಮೇಲೆ ಮಣ್ಣು ಹುಡುಕುವವರೇ ಹೆಚ್ಚು. ಭಾನುವಾರ ನರ್ಸರಿಗೆ ಹೋಗಿ ಟೊಮೆಟೊ, ಬದನೆ ಸಸಿಗಳ ಜೊತೆಗೆ ಒಂದು ಚೀಲ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಎರೆಗೊಬ್ಬರ, ಬೇವಿನ ಹಿಂಡಿ ತಂದು ಸಂಜೆಯೊಳಗೆ ಬೆರೆಸಿ ನೆಟ್ಟೂ ಮುಗಿಸುತ್ತಾರೆ. ಮೊದಲ ವಾರ ಸಸಿ ಚೆನ್ನಾಗಿಯೇ ಇರುತ್ತದೆ. ಆಮೇಲೆ ಕೆಳಗಿನ ಎಲೆ ಹಳದಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಕೆಲವೊಮ್ಮೆ ಬುಡವೇ ಕಪ್ಪಾಗಿ ಸಸಿ ಮಲಗಿಬಿಡುತ್ತದೆ. ಯಾವ ಔಷಧಿ ಹೊಡೆಯಲಿ ಎಂದು ಕೇಳಿದವರನ್ನು ನಾನು ಮೊದಲು ಕೇಳುವುದು ಒಂದೇ: ಮಣ್ಣು ಬೆರೆಸಿ ಎಷ್ಟು ದಿನ ಇಟ್ಟಿದ್ದಿರಿ?

ಬೆರೆಸುವುದು ಅರ್ಧ ದಿನದ ಕೆಲಸ. ಅದು ಮಾಗುವುದಕ್ಕೆ ಒಂದು ತಿಂಗಳು ಬೇಕು. ಕೋಕೋಪೀಟ್, ಭತ್ತದ ಹೊಟ್ಟು ಇಂಥವುಗಳಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಅವನ್ನು ಕೊಳೆಯಿಸಲು ಹೊರಟ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಉಳಿಯುವುದಿಲ್ಲ. ಹಳದಿ ಎಲೆಗೆ ಇದೇ ಕಾರಣ. ಇನ್ನೊಂದು ಕಡೆ ಹಿಂಡಿ ನೆನೆದು ಕೊಳೆಯುವಾಗ ಶಾಖವೂ ಅಮೋನಿಯಾವೂ ಹುಟ್ಟುತ್ತವೆ. ಎಳೆಯ ಬೇರಿನ ತುದಿ ಅದನ್ನು ತಾಳಿಕೊಳ್ಳುವುದಿಲ್ಲ. ಈ ಗಲಾಟೆಯೆಲ್ಲ ಗಿಡ ಬರುವ ಮೊದಲೇ ಮುಗಿಯಲಿ ಎಂದೇ ಮಣ್ಣನ್ನು ಮಾಗಿಸುವುದು.

ಮಳೆಗಾಲದ ನಾಟಿಗೆ ನಮ್ಮ ಹಿರಿಯರ ಮಳೆ ನಕ್ಷತ್ರದ ಲೆಕ್ಕವೇ ಸಾಕು. ಏಪ್ರಿಲ್ ಕೊನೆಯ ಭರಣಿ ಮಳೆಯ ಹೊತ್ತಿಗೆ ಬೆರೆಸಿಟ್ಟರೆ ಜೂನ್ ಎರಡನೇ ವಾರದ ಮೃಗಶಿರಕ್ಕೆ ನೆಡಲು ತಯಾರಾಗಿರುತ್ತದೆ.

ಅಳತೆ

ಹತ್ತು ಲೀಟರಿನ ಒಂದು ಬಕೆಟ್ ಅಳತೆಗೆ ಇಟ್ಟುಕೊಳ್ಳಿ. ಕೆಂಪು ಮಣ್ಣು 3 ಬಕೆಟ್, ತೊಳೆದು ಹಿಂಡಿದ ಕೋಕೋಪೀಟ್ 3, ಗೊಬ್ಬರ 3 (ಕೊಟ್ಟಿಗೆ ಗೊಬ್ಬರ ಎರಡು, ಎರೆಗೊಬ್ಬರ ಒಂದು), ಭತ್ತದ ಹೊಟ್ಟು ಅಥವಾ ಸುಟ್ಟ ಉಮಿ 1. ಇದಕ್ಕೆ ಬೇವಿನ ಹಿಂಡಿ ಅರ್ಧ ಕೆ.ಜಿ., ಹೊಂಗೆ ಹಿಂಡಿ ಕಾಲು ಕೆ.ಜಿ., ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ 100 ಗ್ರಾಂ. ಮೂಳೆ ಪುಡಿ ಬಳಸಲು ಅಭ್ಯಂತರ ಇಲ್ಲದವರು ಅದನ್ನೂ ಕಾಲು ಕೆ.ಜಿ. ಹಾಕಬಹುದು. 12 ಅಂಗುಲ ಅಗಲ, ಅಷ್ಟೇ ಎತ್ತರದ ಗ್ರೋ ಬ್ಯಾಗ್ ಸುಮಾರು 20 ಲೀಟರ್ ಹಿಡಿಯುತ್ತದೆ. ಬೆರೆತು ಕುಗ್ಗಿದ ಮೇಲೆ ಈ ಅಳತೆಯಲ್ಲಿ ನಾಲ್ಕು ಬ್ಯಾಗ್ ತುಂಬುತ್ತವೆ.

ಮಣ್ಣನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚಿಸದಿರಲು ಕಾರಣ ತೂಕ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಬರೀ ಮಣ್ಣು ತುಂಬಿದ ಒಂದು ಬ್ಯಾಗ್ 30 ಕೆ.ಜಿ. ದಾಟುತ್ತದೆ. ಓಡಾಡುವ ತಾರಸಿಗೆ ಚದರ ಮೀಟರಿಗೆ 150 ಕೆ.ಜಿ. ಆಸುಪಾಸಿನ ಭಾರ ಹಿಡಿದು ಲೆಕ್ಕ ಹಾಕುವುದು ವಾಡಿಕೆ. ಬ್ಯಾಗುಗಳನ್ನು ಒತ್ತೊತ್ತಾಗಿ ಇಟ್ಟರೆ ಆ ಮಿತಿ ಎಷ್ಟು ಬೇಗ ಮುಟ್ಟುತ್ತದೆ ಎಂದು ಯೋಚಿಸಿ. ಹಳೆಯ ಮನೆಯಾದರೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲೇ ಜೋಡಿಸಿ.

ಮಣ್ಣು

ಬೆಂಗಳೂರಿನಲ್ಲಿ ‘ಕೆಂಪು ಮಣ್ಣು’ ಎಂದು ಮಾರುವುದರಲ್ಲಿ ಬಹುಪಾಲು ಕಟ್ಟಡದ ಪಾಯ ತೋಡಿದ ಮಣ್ಣು. ಆಳದ ಮಣ್ಣಿನಲ್ಲಿ ಜೀವ ಕಡಿಮೆ, ಅದನ್ನು ಗೊಬ್ಬರದಿಂದ ಸರಿಪಡಿಸಬಹುದು. ಸಿಮೆಂಟ್, ಸುಣ್ಣದ ಚೂರು ಬೆರೆತಿದ್ದರೆ ಮಾತ್ರ ಕಷ್ಟ. ತರುವ ಮೊದಲು ಒಂದು ಹಿಡಿ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಬುಸ್ಸೆಂದು ನೊರೆ ಬಂದರೆ ಬೇಡವೆನ್ನಿ. ಈ ಪರೀಕ್ಷೆ ಕೆಂಪು ಮಣ್ಣಿಗೆ ಮಾತ್ರ. ಧಾರವಾಡ, ವಿಜಯಪುರದ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ಸಹಜವಾಗಿಯೇ ಸುಣ್ಣದ ಅಂಶ ಇರುವುದರಿಂದ ಅದು ನೊರೆಯುವುದು ಮಾಮೂಲು.

ಎರೆ ಮಣ್ಣು ಒದ್ದೆಯಾದಾಗ ಅಂಟಿ, ಒಣಗಿದಾಗ ಬಿರಿಯುತ್ತದೆ. ಅಲ್ಲಿನವರು ಮಣ್ಣನ್ನು ಎರಡು ಬಕೆಟ್‌ಗೆ ಇಳಿಸಿ, ಉಮಿಯನ್ನು ಎರಡು ಬಕೆಟ್‌ಗೆ ಏರಿಸುವುದು ಒಳ್ಳೆಯದು. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು. ಅದಕ್ಕೆ ಒಂದೆರಡು ಹಿಡಿ ಒಲೆಯ ಬೂದಿ ಹೊಂದುತ್ತದೆ, ಉಳಿದವರು ಬೂದಿ ಸೇರಿಸಬೇಡಿ. ನಗರದ ಕೆರೆಗಳ ಹೂಳನ್ನು ಕುಂಡಕ್ಕೆ ತರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಳ್ಳಿಯ ಕೆರೆಗೋಡು ಹೊಲಕ್ಕೆ ಬಂಗಾರ, ಆದರೆ ಕಾರ್ಖಾನೆ, ಚರಂಡಿ ನೀರು ಸೇರಿದ ಕೆರೆಯ ಹೂಳಿನಲ್ಲಿ ಸೀಸದಂಥ ಲೋಹಗಳಿರುವ ಅಪಾಯವಿದೆ. ಅದರಲ್ಲಿ ಬೆಳೆದದ್ದನ್ನು ನಾವೇ ತಿನ್ನಬೇಕು.

ಮಣ್ಣನ್ನು ಜರಡಿ ಹಿಡಿದು ಎರಡು ಮೂರು ದಿನ ತೆಳ್ಳಗೆ ಬಿಸಿಲಿಗೆ ಹರಡಿ. ಈ ಮೊದಲು ಬೆಳೆ ತೆಗೆದ ಮಣ್ಣಾಗಿದ್ದರೆ ಅಷ್ಟು ಸಾಲದು. ನೀರು ಚಿಮುಕಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಕಲ್ಲಿನಿಂದ ಒತ್ತಿ, ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಮಣ್ಣನ್ನು ಹೆಚ್ಚು ಕಾಯಿಸುತ್ತದೆ.

ಕೋಕೋಪೀಟ್ ತೊಳೆಯುವುದು

ತಿಪಟೂರು, ಅರಸೀಕೆರೆ ಕಡೆಯ ನಾರಿನ ಘಟಕಗಳ ಪಕ್ಕ ಗುಡ್ಡವಾಗಿ ಬೀಳುವ ಪುಡಿಯೇ ಇದು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಲವಣಗಳು ಸಹಜವಾಗಿಯೇ ಇರುತ್ತವೆ. ನಾರು ಬಿಡಿಸಲು ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಇನ್ನೂ ಹೆಚ್ಚು. ‘ತೊಳೆದದ್ದು’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ನಾನು ಮತ್ತೆ ತೊಳೆಯದೆ ಬಳಸುವುದಿಲ್ಲ.

ನಮ್ಮ ಅಳತೆಗೆ 650 ಗ್ರಾಂನ ನಾಲ್ಕು ಇಟ್ಟಿಗೆ ಸಾಕು. ದೊಡ್ಡ ಟಬ್ಬಿನಲ್ಲಿಟ್ಟು ನೀರು ಸುರಿದರೆ ಅರ್ಧ ಗಂಟೆಯಲ್ಲಿ ಅರಳಿ ಬಿಡಿಬಿಡಿಯಾಗುತ್ತದೆ. ಇಡೀ ರಾತ್ರಿ ನೆನೆಯಲಿ. ಬೆಳಿಗ್ಗೆ ನೀರು ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಿ. ಮತ್ತೆ ನೀರು, ಮತ್ತೆ ಹಿಂಡುವುದು. ಮೂರನೇ ಸಲಕ್ಕೆ ನೀರು ತಿಳಿಯಾಗುತ್ತ ಬರುತ್ತದೆ. ಹಿಂಡಿದ ನೀರು ತೆಂಗಿನ ಮರದ ಬುಡಕ್ಕೆ ಹೋಗಲಿ, ತೆಂಗು ಉಪ್ಪನ್ನು ತಾಳಿಕೊಳ್ಳುತ್ತದೆ. ಮರ ಇಲ್ಲದವರು ಶೌಚಾಲಯಕ್ಕೆ ಸುರಿಯಿರಿ, ಬೇರೆ ಕುಂಡಕ್ಕೆ ಬೇಡ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲಿ ತೊಳೆಯಬೇಡಿ, ಅದರಲ್ಲೇ ಲವಣ ಸಾಂದ್ರವಾಗಿರುತ್ತದೆ.

ಇಷ್ಟು ನೀರು ಖರ್ಚೇ ಎನ್ನಬಹುದು. ಆದರೆ ಕೋಕೋಪೀಟ್ ಬೆರೆತ ಕುಂಡ ನೀರನ್ನು ದಿನಗಟ್ಟಲೆ ಹಿಡಿದಿಟ್ಟುಕೊಂಡು ಅದನ್ನು ತೀರಿಸಿಬಿಡುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆಯಲ್ಲಿ ಕುಂಡದ ಮಣ್ಣು ನೀರು ಹಿಡಿಯುತ್ತದೋ ಇಲ್ಲವೋ ಎಂಬುದೇ ತೋಟದ ಅಳಿವು ಉಳಿವನ್ನು ತೀರ್ಮಾನಿಸುತ್ತದೆ.

ಗೊಬ್ಬರ, ಹಿಂಡಿ

ಕೊಟ್ಟಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿರಬೇಕು. ಸಗಣಿ ವಾಸನೆ ಇರಬಾರದು, ಹುಲ್ಲಿನ ಕಡ್ಡಿ ಗುರುತು ಸಿಗಬಾರದು. ಅಂಗೈಯಲ್ಲಿ ಅಮುಕಿದಾಗ ಹಸಿರು ಬಣ್ಣ ಹತ್ತಿದರೆ ಅದು ಹಸಿ. ಜರಡಿ ಹಿಡಿಯುವಾಗ ಗೊಣ್ಣೆ ಹುಳುವಿಗಾಗಿ ಕಣ್ಣಿಟ್ಟಿರಿ. ಕೆನೆಬಣ್ಣದ ದಪ್ಪ ಮೈ, ಕಂದು ತಲೆ, ಮುಟ್ಟಿದರೆ ಅರ್ಧಚಂದ್ರದಂತೆ ಮುದುಡಿ ಮಲಗುವ ಹುಳು. ಒಂದೇ ಒಂದು ಹುಳು ಕುಂಡದೊಳಗೆ ಉಳಿದರೂ ಬೇರನ್ನೆಲ್ಲ ಕಡಿದು ಗಿಡವನ್ನು ಒಣಗಿಸುತ್ತದೆ. ಕೊಟ್ಟಿಗೆ ಗೊಬ್ಬರ ಸಿಗದವರು ಮನೆಯ ಹಸಿಕಸದ ಗೊಬ್ಬರವನ್ನೋ ಎಲೆಗೊಬ್ಬರವನ್ನೋ ಧಾರಾಳವಾಗಿ ಬಳಸಿ, ಅದೂ ಪೂರ್ತಿ ಕಳಿತಿರಲಿ.

ಬೇವಿನ ಹಿಂಡಿ ಸಾರಜನಕವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಮಣ್ಣಿನ ಹುಳುಗಳನ್ನೂ ಹತೋಟಿಯಲ್ಲಿಡುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಇನ್ನೂ ಹೆಚ್ಚಿದ್ದರೂ ತಾರಸಿಗೆ ಬೇಡ, ಅದರ ವಾಸನೆಗೆ ಇಲಿ, ಹೆಗ್ಗಣ ಬಂದು ರಾಶಿಯನ್ನೇ ಕೆದಕುತ್ತವೆ. ನಾಯಿ ಸಾಕಿದವರು ಹರಳು ಹಿಂಡಿಯ ಹತ್ತಿರವೂ ಹೋಗಬೇಡಿ. ನಾಯಿ ಅದನ್ನು ತಿಂದರೆ ಪ್ರಾಣಕ್ಕೇ ಅಪಾಯ.

ಟ್ರೈಕೋಡರ್ಮಾ ಒಂದು ಉಪಕಾರಿ ಶಿಲೀಂಧ್ರ, ಬುಡ ಕೊಳೆಸುವ ಶಿಲೀಂಧ್ರಗಳನ್ನು ತಡೆಯುತ್ತದೆ. ಅದು ಜೀವಂತ ವಸ್ತುವಾದ್ದರಿಂದ ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ. ಇದನ್ನು ನೇರ ಮಣ್ಣಿಗೆ ಎರಚುವುದಕ್ಕಿಂತ ಮೊದಲು ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯ ಜೊತೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಹೊದಿಸಿ ಹತ್ತು ಹದಿನೈದು ದಿನ ಇಟ್ಟರೆ ಅದು ಗೊಬ್ಬರದ ತುಂಬ ಹಬ್ಬುತ್ತದೆ. ಅಡಿಕೆ, ಮೆಣಸಿನ ತೋಟದವರು ದೊಡ್ಡ ಪ್ರಮಾಣದಲ್ಲಿ ಮಾಡುವುದೂ ಇದನ್ನೇ. ಅಷ್ಟು ಸಮಯ ಇಲ್ಲವೆಂದರೆ ಎಲ್ಲವನ್ನೂ ಒಟ್ಟಿಗೇ ಬೆರೆಸಿ ಮಾಗಲು ಬಿಡಿ, ಆಗಲೂ ಕೆಲಸ ಮಾಡುತ್ತದೆ.

ರಾಶಿ ಹಾಕಿ ಮಾಗಿಸುವುದು

ನೆರಳಿನಲ್ಲಿ, ಮಳೆ ಹೊಡೆಯದ ಕಡೆ ಟಾರ್ಪಾಲಿನ್ ಹಾಸಿ. ಮಣ್ಣು, ಕೋಕೋಪೀಟ್, ಗೊಬ್ಬರ, ಹೊಟ್ಟು ಒಂದರ ಮೇಲೊಂದು ಪದರವಾಗಿ ಸುರಿದು, ಮೇಲೆ ಹಿಂಡಿಗಳ ಪುಡಿ ಉದುರಿಸಿ. ಟಾರ್ಪಾಲಿನ್ನಿನ ಎದುರುಬದುರು ಮೂಲೆ ಹಿಡಿದು ರಾಶಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಿಸಿದರೆ ಸಲಿಕೆಗಿಂತ ಚೆನ್ನಾಗಿ ಬೆರೆಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಹಿಂಡಿಯ ದೂಳು ಒಳ್ಳೆಯದಲ್ಲ.

ನೀರಿನ ಹದ ಬಹಳ ಮುಖ್ಯ. ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉಂಡೆ ಒಡೆಯಬೇಕು. ನೀರಿನಲ್ಲಿ ಜೀವಾಮೃತ ಬೆರೆಸಿ ಚಿಮುಕಿಸಿದರೆ ಮಾಗುವುದು ಚುರುಕಾಗುತ್ತದೆ. 20 ಲೀಟರ್ ನೀರಿಗೆ ಒಂದು ಕೆ.ಜಿ. ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಕಲಕಿದರೆ ಎರಡು ಮೂರು ದಿನದಲ್ಲಿ ಸಿದ್ಧ, ವಾರದೊಳಗೆ ಬಳಸಿ ಮುಗಿಸಬೇಕು. ರಾಶಿಗೆ ಇದರಲ್ಲಿ ಎರಡು ಮೂರು ಲೀಟರ್ ಸಾಕು.

ಒದ್ದೆ ಗೋಣಿಚೀಲ ಹೊದಿಸಿ ಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡದೆ ಹುಳಿತು ನಾರುತ್ತದೆ. ಮೂರ್ನಾಲ್ಕನೇ ದಿನ ರಾಶಿಯೊಳಗೆ ಕೈ ತೂರಿಸಿದರೆ ಬೆಚ್ಚಗಿರುತ್ತದೆ. ಮೇಲೆ ಬಿಳಿ ಬೂಸ್ಟು ಹಬ್ಬಿರುತ್ತದೆ, ಹಿಂಡಿಯ ಘಾಟು ಮೂಗಿಗೆ ಬಡಿಯುತ್ತದೆ. ಬೂಸ್ಟು ನೋಡಿ ಗಾಬರಿಯಾಗಿ ಎಸೆದುಬಿಡುವವರಿದ್ದಾರೆ. ಎಸೆಯಬೇಡಿ, ಕೊಳೆಯುವ ಕೆಲಸ ಶುರುವಾಗಿದೆ ಎಂಬುದರ ಗುರುತು ಅದು. ವಾರಕ್ಕೊಮ್ಮೆ ರಾಶಿಯನ್ನು ಮಗುಚಿ, ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಲಿ. ಇರುವೆ ಸೇರಿದರೆ ರಾಶಿ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಹರಡಿ ಆರಲು ಬಿಟ್ಟು ಒಂದಿಷ್ಟು ಹೊಟ್ಟು ಸೇರಿಸಿ. ಕಾವು ಇಳಿದ ಮೇಲೆ, ಮೂರನೇ ವಾರದ ಹೊತ್ತಿಗೆ, ನಾಲ್ಕಾರು ಎರೆಹುಳು ಬಿಡಬಹುದು.

ನಾಲ್ಕರಿಂದ ಆರು ವಾರದಲ್ಲಿ ಶಾಖ ಪೂರ್ತಿ ಆರುತ್ತದೆ. ಹಿಂಡಿಯ ವಾಸನೆ ಹೋಗಿ ಮೊದಲ ಮಳೆ ಬಿದ್ದ ನೆಲದ ಘಮ ಬರುತ್ತದೆ. ಆ ಘಮಕ್ಕೆ ಕಾರಣ ಮಣ್ಣಿನ ಆಕ್ಟಿನೊಮೈಸೀಟ್ ಎಂಬ ಸೂಕ್ಷ್ಮಜೀವಿಗಳು. ಆದರೂ ಮೂಗನ್ನೇ ನಂಬದೆ ಮೆಂತ್ಯದ ಪರೀಕ್ಷೆ ಮಾಡಿ. ಒಂದು ಲೋಟದಲ್ಲಿ ಹೊಸ ಮಿಶ್ರಣ, ಇನ್ನೊಂದರಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತಿರುವ ಹಳೆಯ ಕುಂಡದ ಮಣ್ಣು. ಎರಡರಲ್ಲೂ ಹತ್ತತ್ತು ಮೆಂತ್ಯ ಕಾಳು ಹಾಕಿ. ವಾರದಲ್ಲಿ ಎರಡೂ ಲೋಟದಲ್ಲಿ ಒಂದೇ ಸಮ ಮೊಳೆತು ಹಸಿರಾಗಿದ್ದರೆ ಮಣ್ಣು ಮಾಗಿದೆ. ಹೊಸದರಲ್ಲಿ ಮೊಳಕೆ ಕಡಿಮೆಯಾಗಿದ್ದರೆ, ಎಲೆಯಂಚು ಕರಕಾಗಿದ್ದರೆ ಇನ್ನೂ ಹದಿನೈದು ದಿನ ಕಾಯಿರಿ.

ತುಂಬುವುದು, ಮತ್ತೆ ಬಳಸುವುದು

ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ನಿಜಕ್ಕೂ ಮಣ್ಣಿನ ಸಣ್ಣ ರಂಧ್ರಗಳಲ್ಲಿರುವ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯದೆ ಅದರ ಮೇಲೆಯೇ ನಿಲ್ಲುತ್ತದೆ. ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಹೆಂಚಿನ ಚೂರೊಂದನ್ನು ಓರೆಯಾಗಿಟ್ಟರೆ ಸಾಕು. ಅಂಚಿನಿಂದ ಎರಡು ಅಂಗುಲ ಬಿಟ್ಟು ತುಂಬಿ, ನೆಟ್ಟ ಮೇಲೆ ಒಣ ಎಲೆ ಹೊದಿಸಿ. ಲೋಳೆಸರ, ಕಳ್ಳಿಗೆ ಈ ಮಿಶ್ರಣದ ಅರ್ಧದಷ್ಟು ತೊಳೆದ ದಪ್ಪ ಮರಳು ಸೇರಿಸಿ. ಬೀಜ ಮೊಳೆಯಿಸುವ ಟ್ರೇಗೆ ಹಿಂಡಿ ಹಾಕಿದ ಮಣ್ಣು ಬೇಡ, ಕೋಕೋಪೀಟ್ ಮತ್ತು ಎರೆಗೊಬ್ಬರ ಸಮಪಾಲು ಸಾಕು.

ಬೆಳೆ ಮುಗಿದ ಮಣ್ಣನ್ನು ಎಸೆಯಬೇಡಿ. ಬೇರು ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ, ನಾಲ್ಕು ಬಕೆಟ್ಟಿಗೆ ಒಂದು ಬಕೆಟ್ ಗೊಬ್ಬರ, ನಾಲ್ಕು ಹಿಡಿ ಬೇವಿನ ಹಿಂಡಿ ಸೇರಿಸಿ ಹದಿನೈದು ದಿನ ಮಾಗಿಸಿದರೆ ಮತ್ತೊಂದು ಬೆಳೆಗೆ ಸಿದ್ಧ. ಕೀಳುವಾಗ ಬೇರನ್ನು ತಪ್ಪದೆ ನೋಡಿ. ಗಿಡ ಸೊರಗು ರೋಗದಿಂದ ಸತ್ತಿದ್ದರೆ ಆ ಮಣ್ಣನ್ನು ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗೆ ಬಳಸದೆ ಸೊಪ್ಪಿಗೆ ಮೀಸಲಿಡಿ. ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಕಾಟ. ಮೇಲೆ ಹೇಳಿದಂತೆ ಪಾರದರ್ಶಕ ಹಾಳೆ ಹೊದಿಸಿ ಬಿಸಿಲಲ್ಲಿ ಕಾಯಿಸಿ, ಆಮೇಲೆ ಅದರಲ್ಲಿ ಒಂದು ಸಲ ಚೆಂಡುಹೂ ಬೆಳೆದು, ನಂತರ ತರಕಾರಿ ಹಾಕಿ.